ಮಾಡಿ ನೋಡದ ವಿಜ್ಞಾನ

ಭಾರವಾದ ವಸ್ತುವು ಹಗುರವಾದುದಕ್ಕಿಂತ ಬೇಗನೆ ಬೀಳುತ್ತದೆಂದು ಅರಿಸ್ಟಾಟಲನು ಹೇಳಿದನು. ವಿದ್ವಾಂಸರು ಶತಮಾನಗಳ ಕಾಲ ಅದನ್ನೇ ಬೋಧಿಸುತ್ತ ಬಂದರು. ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ, ಸಣ್ಣ ಧಾರೆಯಾಗಿ ಹರಿದ ನೀರನ್ನು ತೂಗಿ ಕಾಲವನ್ನಳೆದು, 1638ರ ತನ್ನ ಗ್ರಂಥದಲ್ಲಿ ಬೇರೆಯದೇ ನಿಯಮವನ್ನು ಮುಂದಿಟ್ಟನು. ಇಂದು ನಮ್ಮ ಮಕ್ಕಳು ಆ ನಿಯಮವನ್ನು ಬಾಯಿಪಾಠ ಮಾಡುತ್ತಾರೆ. ಮಾತು ಹೊಸದಾಗಿದೆ, ನಂಬುವ ರೀತಿ ಹಳೆಯದೇ ಉಳಿದಿದೆ.

ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ವಿಜ್ಞಾನದಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಅಂಕಗಳು ಶಾಲೆಯೇ ನೀಡುವ ಆಂತರಿಕ ಮೌಲ್ಯಮಾಪನಕ್ಕೆ. ನೀಲಿ ಲಿಟ್ಮಸ್ ಆಮ್ಲದಲ್ಲಿ ಕೆಂಪಾಗುವುದೆಂದು ಬರೆದರೆ ಅಂಕ ಸಿಗುವಾಗ, ಅದನ್ನು ಅದ್ದಿ ನೋಡುವವರಾರು?

ಉಪಕರಣಗಳ ಕೊರತೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳೊಂದಿಗೆ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಅಗ್ಗದ ಸಾಮಗ್ರಿಗಳಿಂದಲೇ ಪ್ರಯೋಗ ಮಾಡಿ ಕಲಿತರು. ಅಲ್ಲಿ ಪುಸ್ತಕ ತೆರೆದಿಟ್ಟು ಪರೀಕ್ಷೆ ಬರೆಯಬಹುದಿತ್ತು; ಪ್ರಯೋಗವನ್ನು ಮಾತ್ರ ಕೈಯಾರೆ ಮಾಡಿ ತೋರಿಸಬೇಕಿತ್ತು. 2002ರಲ್ಲಿ ಸರಕಾರವು ಅದನ್ನು ನಿಲ್ಲಿಸಿತು.

"ನನಗೆ ಬಂದ ಫಲಿತಾಂಶ ಬೇರೆ" ಎಂದು ಬರೆಯುವ ಧೈರ್ಯವನ್ನು ಪ್ರಯೋಗಶಾಲೆ ಕಲಿಸುತ್ತದೆ. ಮಾಡದ ಪ್ರಯೋಗದ ಫಲಿತಾಂಶವನ್ನು ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡುವ ಮಗು, ಕಾಣದ್ದನ್ನು ಕಂಡೆನೆಂದು ಸಾಕ್ಷಿ ಹೇಳಲು ಕಲಿಯುತ್ತದೆ. ಈ ಅಭ್ಯಾಸ ಶಾಲೆಯ ಗೇಟಿನಲ್ಲೇ ನಿಲ್ಲುವುದಿಲ್ಲ. ಆದುದರಿಂದ ಹೆತ್ತವರಾದ, ಶಿಕ್ಷಕರಾದ, ಶಾಲೆ ನಡೆಸುವವರಾದ ನಾವೆಲ್ಲರೂ ಅಂಕವೆಷ್ಟೆಂದು ಕೇಳುವ ಮೊದಲು, ಈ ವಾರ ಏನನ್ನು ಮಾಡಿ ನೋಡಿದೆಯೆಂದು ಮಕ್ಕಳನ್ನು ಕೇಳೋಣ.