ಕವರ್ ಮೇಲೆ 'ಲೈಟ್', ಬೆರಳ ಮೇಲೆ ಬರೆ!

ತಾಂಡವಪುರ: ಮೈಸೂರು-ನಂಜನಗೂಡು ರಸ್ತೆಯಲ್ಲಿ ಓಡಾಡುವವರಿಗೆ ಈ ಊರೆಂದರೆ ಫ್ಯಾಕ್ಟರಿ ಬಸ್ಸು, ಶಿಫ್ಟ್ ಬಿಟ್ಟಾಗಿನ ಜನ, ಪುಟ್ಟದೊಂದು ರೈಲ್ವೆ ಸ್ಟೇಷನ್ನು. ಇಂಜಿನಿಯರಿಂಗ್ ಕಾಲೇಜು ಬಂದ ಮೇಲೆ ಬೆನ್ನಿಗೆ ಗಿಟಾರ್ ಏರಿಸಿಕೊಂಡ ಹುಡುಗರೂ ಕಾಣುತ್ತಾರೆ. ಅವರನ್ನು ನೋಡಿ ಊರ ಮಕ್ಕಳಿಗೂ ಆಸೆ. ಆಸೆಗೇನು, ಬರಬಹುದು. ಆದರೆ ತಂತಿಯ ವಿಚಾರ ಹೇಳಿಕೊಡುವವರು ಯಾರು ಸ್ವಾಮಿ?

ಇಲ್ಲಿನ ಕಾರ್ಖಾನೆಯೊಂದರ ನೌಕರರೊಬ್ಬರು ಪಿಯುಸಿ ಓದುವ ಮಗಳಿಗೆಂದು ಸೆಕೆಂಡ್ ಹ್ಯಾಂಡ್ ಗಿಟಾರ್ ತಂದರು. ತಂತಿಗೆ ತುಕ್ಕು ಹಿಡಿದಿತ್ತು. ಅಂಗಡಿಗೆ ಹೋಗಿ "ಹೊಸಬರಿಗೆ ಆಗೋವಂಥ ಹಗುರದ್ದು ಕೊಡಿ" ಅಂದರು. 'ಲೈಟ್' ಎಂದು ಅಚ್ಚಾಗಿದ್ದ ಸೆಟ್ ಸಿಕ್ಕಿತು. ಹದಿನೈದು ದಿನಕ್ಕೆ ಹುಡುಗಿಯ ಎಡಗೈ ಬೆರಳುಗಳ ತುದಿಯಲ್ಲಿ ಕೆಂಪು ಗೆರೆ. "ಅಪ್ಪಾ, ನನ್ ಕೈಲಾಗಲ್ಲ, ಮಾರ್ಬಿಡಿ" ಅಂದಳಂತೆ. "ದುಡ್ಡು ಹೋದ್ರೆ ಹೋಗ್ಲಿ ಸಾರ್, ಮಗೀನ ಮನಸ್ಸು ಮುರೀತಲ್ಲ" ಎಂಬುದು ಅಪ್ಪನ ಸಂಕಟ.

ಮೋಸ ಯಾರದೂ ಅಲ್ಲ, ಹೆಸರಿನದು. ತಂತಿಯ ದಪ್ಪವನ್ನು ಅಂಗುಲದ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಹೇಳುತ್ತಾರೆ. 'ಲೈಟ್' ಎಂದರೆ ಸಾಮಾನ್ಯವಾಗಿ ಅತಿ ಸಣ್ಣ ತಂತಿ 12. 'ಕಸ್ಟಮ್ ಲೈಟ್' 11, 'ಎಕ್ಸ್‌ಟ್ರಾ ಲೈಟ್' 10. ಅಂದರೆ ಹೊಸಬರಿಗೆ ಬೇಕಾದ ಹಗುರ, 'ಲೈಟ್' ಎಂಬ ಹಗುರಕ್ಕಿಂತ ಎರಡು ಮೆಟ್ಟಿಲು ಕೆಳಗಿದೆ!

12ಕ್ಕೂ 10ಕ್ಕೂ ಏನು ಮಹಾ ವ್ಯತ್ಯಾಸ ಅನ್ನಬೇಡಿ. ಒಂದೇ ಶ್ರುತಿಗೆ ಏರಿಸಿದಾಗ 12ರ ಮೊದಲ ತಂತಿ ಸುಮಾರು ಹತ್ತೂವರೆ ಕಿಲೋ ಬಲದಲ್ಲಿ ಎಳೆಯುತ್ತದೆ. 10ರದ್ದು ಏಳೂ ಕಾಲು. ಆರೂ ತಂತಿ ಸೇರಿದರೆ 12ರ ಸೆಟ್ಟು ಎಪ್ಪತ್ತು ಕಿಲೋ ದಾಟುತ್ತದೆ. ಹೆಚ್ಚೂಕಡಿಮೆ ಮುಕ್ಕಾಲು ಕ್ವಿಂಟಾಲ್ ಅಕ್ಕಿ ಮೂಟೆಯ ಭಾರವನ್ನು ತೆಳು ಹಲಗೆಗೆ ಅಂಟಿಸಿದ ಕುದುರೆ ತಡೆಯಬೇಕು. ಈ ಹುಡುಗಿಯ ಗಿಟಾರಿನಲ್ಲಿ ಕುದುರೆಯ ಹಿಂಬದಿ ಆಗಲೇ ಒಂದು ಪೋಸ್ಟ್ ಕಾರ್ಡು ತೂರುವಷ್ಟು ಎದ್ದಿತ್ತು. ಬೆರಳಿನ ನೋವು ಅಷ್ಟರಲ್ಲೇ ಎಚ್ಚರಿಸಿತೆನ್ನಿ. ಇಲ್ಲದಿದ್ದರೆ ಪೆಟ್ಟಿಗೆಯೇ ಹೋಗುತ್ತಿತ್ತು.

ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಕಾಲೇಜು ಹುಡುಗ "ಅಂಕಲ್, ಬಿಚ್ಚಿ ನೋಡೋಣ" ಎಂದ. ಮೊದಲು ಬಿರಡೆ ಸಡಿಲಿಸಿ, ಕುದುರೆಯನ್ನು ಮರಗೆಲಸದವರ ಕೈಲಿ ಅಂಟಿಸಿ ಎರಡು ದಿನ ಕ್ಲಾಂಪ್ ಹಾಕಿಟ್ಟರು. ಆಮೇಲೆ ಶುರುವಾಯಿತು ಪರೀಕ್ಷೆ.

ಮೊದಲು 11ರದ್ದು, ಹಿತ್ತಾಳೆ ಸುತ್ತಿದ ತಂತಿ. ಕಂಪನಿಯವರು ಇದನ್ನು 'ಎಂಬತ್ತು-ಇಪ್ಪತ್ತು ಬ್ರಾಂಜ್' ಅನ್ನುತ್ತಾರೆ. ಎಂಬತ್ತು ಪಾಲು ತಾಮ್ರ, ಇಪ್ಪತ್ತು ಪಾಲು ಸತು. ನಮ್ಮ ಪಾತ್ರೆ ಅಂಗಡಿಯವರನ್ನು ಕೇಳಿದರೆ ಹಿತ್ತಾಳೆ ಎಂದೇ ಹೇಳಿಯಾರು! ನಾದ ಗೆಜ್ಜೆಯ ಹಾಗೆ ಫಳಫಳ, ಆದರೆ ಬೆವರು ಕೈಯವರಿಗೆ ಬೇಗ ಮಂಕಾಗುತ್ತದೆ. ಆಮೇಲೆ 10ರದ್ದು, ಫಾಸ್ಫರ್ ಬ್ರಾಂಜ್. ಇದು ತಾಮ್ರ, ತವರ, ಚೂರು ರಂಜಕ; ಅಮೆರಿಕದ ಡಿ'ಅಡಾರಿಯೊ ಕಂಪನಿ 1974ರಲ್ಲಿ ತಂದದ್ದು. ದನಿ ಕೊಂಚ ಬೆಚ್ಚಗೆ, ಬಾಳಿಕೆ ಹೆಚ್ಚು. ಒಂದು ಮಾತು: ಈ ಲೋಹದ ಜಂಬವೆಲ್ಲ ಸುತ್ತು ತಂತಿಗಳದು. ಮೊದಲೆರಡು ತಂತಿ ಎರಡೂ ಸೆಟ್ಟಿನಲ್ಲಿ ಬರೀ ಉಕ್ಕು. ದಪ್ಪವನ್ನೂ ಲೋಹವನ್ನೂ ಒಟ್ಟಿಗೆ ಬದಲಾಯಿಸಿದ್ದರಿಂದ ಯಾವ ಗುಣ ಯಾವುದರದೆಂದು ಅಪ್ಪ-ಮಗಳು ಬಹಳ ಹೊತ್ತು ವಾದ ಮಾಡಿದರು.

10ರಲ್ಲಿ ನಷ್ಟವೂ ಉಂಟು. ದನಿ ಸಣ್ಣದಾಯಿತು, ಜೋರಾಗಿ ಮೀಟಿದರೆ ಮೆಟ್ಟಿಲಿಗೆ ತಗುಲಿ ಝರ್ ಎನ್ನುತ್ತದೆ. ಎಳೆತ ತಗ್ಗಿದಾಗ ಕತ್ತು ಕೊಂಚ ನೆಟ್ಟಗಾಗುವುದೇ ಕಾರಣ. ಕತ್ತಿನೊಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ಸಡಿಲಿಸಿದ ಮೇಲೆ ಸರಿಹೋಯಿತು. ಹುಡುಗಿ ಮಾತ್ರ "ಅಪ್ಪಾ, ಎಫ್ ಕಾರ್ಡ್ ಬಂತು!" ಎಂದು ಕೂಗಿದಳು.

ಕಾಸಿಲ್ಲದ ದಾರಿಯೂ ಒಂದಿದೆ. 12ರ ತಂತಿಯನ್ನೇ ಎರಡು ಮನೆ ಕೆಳಗೆ ಶ್ರುತಿ ಮಾಡಿದರೆ ಎಳೆತ ಐದರಲ್ಲೊಂದು ಪಾಲು ಇಳಿಯುತ್ತದೆ. ಬೇಕಾದಾಗ ಎರಡನೇ ಮನೆಗೆ ಕೇಪೋ ಹಾಕಿದರೆ ಹಳೆಯ ಶ್ರುತಿ ವಾಪಸ್ಸು.

ಇನ್ನು "ನೈಲಾನ್ ಹಾಕ್ಸಿ, ಮೆತ್ತಗಿರ್ತದೆ" ಎನ್ನುವ ಉಪದೇಶ. ಎರಡನೇ ಮಹಾಯುದ್ಧದ ಕಾಲದಲ್ಲಿ ಕರುಳಿನ ತಂತಿಗೆ ಅಭಾವವಾದಾಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ನೈಲಾನನ್ನು ಗಿಟಾರಿಗೆ ತಂದರು. ಅದರ ಎಳೆತ ಉಕ್ಕಿನ ಅರ್ಧದಷ್ಟು. ಉಕ್ಕಿಗೆಂದು ಮಾಡಿದ ಪೆಟ್ಟಿಗೆಯನ್ನು ಅದು ಸರಿಯಾಗಿ ಅಲುಗಿಸದು. ತಿರುಗಾಮುರುಗಾ ಮಾಡಿ ನೈಲಾನ್ ಗಿಟಾರಿಗೆ ಉಕ್ಕು ಬಿಗಿದರಂತೂ ಕುದುರೆ ಕಿತ್ತು ಕೈಗೆ ಬರುತ್ತದೆ.

ವೀಣೆ ಶೇಷಣ್ಣನವರ ಮೈಸೂರು ಪಕ್ಕದಲ್ಲೇ ಇದೆ. ವೀಣೆ ಕಲಿಯುವವರಿಗೆ ಯಾವ ತಂತಿ, ಎಷ್ಟು ಬಿಗಿ ಎಂದು ಹೇಳಲು ಗುರುಗಳಿರುತ್ತಾರೆ. ಗಿಟಾರನ್ನು ಮೊಬೈಲ್ ನೋಡಿ ಕಲಿಯುವ ನಮ್ಮ ಹಳ್ಳಿ ಮಕ್ಕಳಿಗೆ ಕವರಿನ ಅಕ್ಷರವೇ ಗುರು. ಅಂಗಡಿಯವರು ಪ್ಯಾಕೆಟ್ ಕೊಡುವಾಗ "ಯಾವ ಗಿಟಾರ್, ಯಾರು ನುಡಿಸೋದು" ಎಂದು ಎರಡು ಮಾತು ಕೇಳಿದರೆ ಅವರ ಗಂಟೇನೂ ಹೋಗದು.

ಹುಡುಗಿ ಈಗ ದಿನಾ ಅರ್ಧ ಗಂಟೆ ಕೂರುತ್ತಾಳೆ, ಆದಮೇಲೆ ಒಣಬಟ್ಟೆಯಲ್ಲಿ ತಂತಿ ಒರೆಸುತ್ತಾಳೆ. ಬಿಚ್ಚಿದ 12ರ ಸೆಟ್ಟನ್ನು ಕಾಲೇಜು ಹುಡುಗ ತನ್ನ ಗಿಟಾರಿಗೆ ಏರಿಸಿಕೊಂಡಿದ್ದಾನೆ.