ಸಣ್ಣ ಸಂಸಾರಕ್ಕೆ ತಕ್ಕ ಗುಳಿಗೆ ಒಲೆ

ಬೆಳೆಯ ಕಸಕಡ್ಡಿ, ಮರದ ಹೊಟ್ಟು ಮುಂತಾದವನ್ನು ನುಣ್ಣಗೆ ಪುಡಿಮಾಡಿ, ಯಂತ್ರದಲ್ಲಿ ಬಿಗಿಯಾಗಿ ಒತ್ತಿ, ಬೆರಳಿಗಿಂತ ಸಣ್ಣ ತುಂಡುಗಳಾಗಿ ಮಾಡಿದ ಉರುವಲಿಗೆ ಪೇಟೆಯಲ್ಲಿ ಪೆಲೆಟ್ ಎಂದು ಹೆಸರು. ಈ ಲೇಖನದಲ್ಲಿ ಇದನ್ನು ಗುಳಿಗೆ ಎಂದೇ ಕರೆಯೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೋಕುಗಳಲ್ಲಿ ಸಂಚಾರ ಮಾಡುವಾಗ ಇದನ್ನು ಉರಿಸತಕ್ಕ ಒಲೆಯ ವಿಚಾರವಾಗಿ ರೈತ ಮಹಾಶಯರು ನನ್ನನ್ನು ಪ್ರಶ್ನಿಸುವುದುಂಟು. ಒಲೆ ಒಳ್ಳೆಯದೇ, ಎಷ್ಟು ವರ್ಷ ಬಾಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಮನೆಗೆ ಎಷ್ಟು ದೊಡ್ಡದು ಬೇಕು ಎಂದು ಕೇಳುವವರು ಅಪರೂಪ. ಕೊಂಡ ಮೇಲೆ ಪಶ್ಚಾತ್ತಾಪ ಪಡುವವರಲ್ಲಿ ಬಹುಮಂದಿ ಈ ಕೊನೆಯ ಪ್ರಶ್ನೆಯನ್ನು ಕೇಳದೆ ಇದ್ದವರೇ ಆಗಿರುತ್ತಾರೆ. ಅವರ ಪೈಕಿ ಈ ಲೇಖಕನೂ ಒಬ್ಬನಾದುದರಿಂದ ಇದನ್ನು ಬರೆಯುವ ಅಧಿಕಾರ ತನಗುಂಟೆಂದು ಭಾವಿಸಿದ್ದಾನೆ.

ಸೌದೆಯ ಒಲೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಸೌದೆಯ ಒಲೆಯಲ್ಲಿ ಬೇಕಾದಾಗ ಕೊಳ್ಳಿಯನ್ನು ಮುಂದಕ್ಕೆ ನೂಕಿ, ಸಾಕಾದಾಗ ಹಿಂದಕ್ಕೆಳೆದು ನೀರು ಚಿಮುಕಿಸಬಹುದು. ಗುಳಿಗೆ ಒಲೆಯಲ್ಲಾದರೋ ಒಂದು ಹೊತ್ತಿನ ಉರುವಲನ್ನೆಲ್ಲ ಮೊದಲೇ ಗೂಡಿಗೆ ತುಂಬಿ, ಮೇಲ್ಗಡೆಯಿಂದ ಬೆಂಕಿ ಹೊತ್ತಿಸುತ್ತಾರೆ. ಕೆಳಗಿನ ಸಣ್ಣ ಫ್ಯಾನು ಗಾಳಿಯನ್ನೊದಗಿಸುತ್ತದೆ. ಬೆಂಕಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತ, ಗುಳಿಗೆಯಿಂದ ಹೊರಟ ಅನಿಲವು ಬಾಯಿಯ ಹತ್ತಿರ ಉರಿಯುತ್ತದೆ. ಹೊಗೆ ಕಡಮೆಯಾಗುವುದು ಈ ಕಾರಣದಿಂದಲೇ. ಆದರೆ ಒಮ್ಮೆ ಹೊತ್ತಿಸಿದ ಮೇಲೆ, ಅಡಿಗೆ ಮುಗಿಯಲಿ ಬಿಡಲಿ, ತುಂಬಿದ್ದೆಲ್ಲ ಉರಿದೇ ತೀರಬೇಕು. ನಡುವೆ ಗೊಳಗೆ ನೆಟ್ಟು ಸುತ್ತಲೂ ಮರದ ಹೊಟ್ಟನ್ನು ಗಿಡಿದು ಉರಿಸುತ್ತಿದ್ದ ಹಳೆಯ ಹೊಟ್ಟಿನ ಒಲೆಯನ್ನು ಬಲ್ಲ ಹಿರಿಯರಿಗೆ ಈ ಗುಣ ಹೊಸದೇನೂ ಅಲ್ಲ.

ನಮ್ಮ ರಾಜ್ಯದಲ್ಲಿ ಇಂಥ ಒಲೆ ಹೆಚ್ಚಾಗಿ ಪ್ರಚಾರಕ್ಕೆ ಬಂದುದು 2006ರ ತರುವಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ತತ್ತ್ವದ ಮೇಲೆ ತಯಾರಾದ ‘ಊರ್ಜಾ’ ಎಂಬ ಒಲೆ ಕರ್ನಾಟಕ, ಮಹಾರಾಷ್ಟ್ರ ಮೊದಲಾದ ಕಡೆಗಳಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ಅದರ ಗೂಡಿನ ಅಗಲ ಸುಮಾರು 4 ಅಂಗುಲ, ಆಳ ಸುಮಾರು 5 ಅಂಗುಲ. ಒಂದು ಸಲಕ್ಕೆ 600 ಗ್ರಾಂ ಗುಳಿಗೆ ಹಿಡಿದು, ನಿಮಿಷಕ್ಕೆ ಸುಮಾರು 12 ಗ್ರಾಂ ಉರಿಯುತ್ತಿತ್ತು. ಮುಂದೆ ಗುಳಿಗೆಯ ಬೆಲೆ ಏರಿದುದರಿಂದ ಅನೇಕ ಮನೆಗಳಲ್ಲಿ ಆ ಒಲೆ ಮೂಲೆಗೆ ಸೇರಿತು. ಹಾಗಾದಾಗ್ಯೂ ಅದರ ಅಳತೆ ಇಂದಿಗೂ ನಮಗೆ ಒಳ್ಳೆಯ ಮಾದರಿಯಾಗಿದೆ.

ಆ ಅಳತೆಯಿಂದ ಕಲಿಯತಕ್ಕದ್ದೇನೆಂದರೆ, ಗೂಡಿನ ಅಗಲವು ಉರಿಯ ಬಲವನ್ನು ನಿರ್ಧರಿಸುತ್ತದೆ. ಆಳವು ಉರಿಯ ಕಾಲವನ್ನು ನಿರ್ಧರಿಸುತ್ತದೆ. ಒಂದೇ ಪ್ರಮಾಣದಲ್ಲಿ ಗಾಳಿ ಒದಗಿದರೆ, 4 ಅಂಗುಲದ ಗೂಡಿಗಿಂತ 6 ಅಂಗುಲದ ಗೂಡು ಒಂದೂವರೆ ಪಾಲಲ್ಲ, ಎರಡೂಕಾಲು ಪಾಲು ಉರುವಲನ್ನು ನಿಮಿಷಕ್ಕೆ ತಿನ್ನುತ್ತದೆ. ಬಾಯಿಯ ವಿಸ್ತಾರ ಅಗಲದ ವರ್ಗಕ್ಕನುಸಾರವಾಗಿ ಬೆಳೆಯುವುದೇ ಇದಕ್ಕೆ ಕಾರಣ. ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿಟ್ಟ ಎರಡು ಒಲೆಗಳು ಕಣ್ಣಿಗೆ ಹೆಚ್ಚುಕಡಮೆ ಒಂದೇ ಸಮನಾಗಿ ಕಾಣುತ್ತವೆ. ಮೋಸ ಹೋಗುವುದು ಅಲ್ಲಿಯೇ.

ನನಗಾದ ಅನುಭವವನ್ನು ಹೇಳುತ್ತೇನೆ. ನಮ್ಮ ಮನೆಯಲ್ಲಿ ನಾಲ್ಕು ಮಂದಿ. ದೊಡ್ಡದಿದ್ದರೆ ಹಬ್ಬಹರಿದಿನಗಳಿಗೂ ಆದೀತು ಎಂಬ ವ್ಯಾಪಾರಿಯ ಮಾತಿಗೆ ಒಪ್ಪಿ, 6 ಅಂಗುಲ ಅಗಲ, 7 ಅಂಗುಲ ಆಳದ ಗೂಡಿರುವ ಒಲೆಯನ್ನು ತಂದೆನು. “ಇದೇನ್ರೀ, ನಾಲ್ಕು ಜನರ ಅಡಿಗೆಗೆ ಮದುವೆ ಮನೆಯ ಒಲೆ ತಂದಿದ್ದೀರಿ” ಎಂದು ಮನೆಯಾಕೆ ಮೊದಲನೆಯ ದಿವಸವೇ ಹೇಳಿದಳು. ಎಲ್.ಎಜಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ನನಗೆ ಆ ಮಾತು ರುಚಿಸಲಿಲ್ಲ. ಗೂಡು ತುಂಬಲು ಸುಮಾರು 2 ಕಿಲೋಗ್ರಾಂ ಗುಳಿಗೆ ಬೇಕಾಗುತ್ತಿತ್ತು. ಅಡಿಗೆ 40 ನಿಮಿಷದಲ್ಲಿ ಮುಗಿದರೆ, ಒಲೆ 70 ನಿಮಿಷ ಉರಿಯುತ್ತಿತ್ತು. 8 ಅಂಗುಲ ತಳದ ಪಾತ್ರೆಯನ್ನು ದಾಟಿ ಜ್ವಾಲೆ ಪಕ್ಕಗಳಲ್ಲಿ ಮೇಲೇರಿ, ಹಿಡಿ ಕಾದು, ಅನ್ನ ತಳ ಹತ್ತುತ್ತಿತ್ತು. ಫ್ಯಾನನ್ನು ತೀರ ತಗ್ಗಿಸಿದರೆ ಹೊಗೆ ಏಳುತ್ತಿತ್ತು. ಎರಡು ಹೊತ್ತಿಗೆ 4 ಕಿಲೋಗ್ರಾಂ ಲೆಕ್ಕದಲ್ಲಿ 40 ಕಿಲೋಗ್ರಾಂ ಚೀಲ ಹತ್ತು ದಿವಸಕ್ಕೆ ಬರಿದಾಯಿತು. ಆ ಒಲೆಯನ್ನು ಕೊಟ್ಟು 4 ಅಂಗುಲದ್ದನ್ನು ತಂದ ಮೇಲೆ ಅದೇ ತೂಕದ ಚೀಲ ಒಂದು ತಿಂಗಳು ದಾಟಿ ಬಂತು.

ಇದು ಸಾಕಾಗುವುದೇ ಎಂಬ ಸಂದೇಹಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ನಾಲ್ಕು ಜನರ ಅನ್ನ, ಸಾರು, ಮುದ್ದೆಯ ಎಸರು ಸೇರಿ ಸುಮಾರು 5 ಲೀಟರು ನೀರನ್ನು ಕಾಯಿಸಬೇಕೆಂದಿಟ್ಟುಕೊಳ್ಳೋಣ. ಕುದಿ ಬರುವವರೆಗೆ ಇದಕ್ಕೆ 375 ಕಿಲೋ ಕ್ಯಾಲೊರಿ ಶಾಖ ಬೇಕು. ಒಣಗಿದ ಒಳ್ಳೆಯ ಗುಳಿಗೆಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 3,800 ಕಿಲೋ ಕ್ಯಾಲೊರಿ ಇರುತ್ತದೆ. ಫ್ಯಾನಿರುವ ಒಲೆಯು ಉರುವಲಿನ ಶಾಖದಲ್ಲಿ ಕನಿಷ್ಠಪಕ್ಷ ಶೇಕಡಾ 35 ಪಾಲನ್ನು ಪಾತ್ರೆಗೆ ಸೇರಿಸಬೇಕೆಂದು ಭಾರತೀಯ ಮಾನಕ ಬ್ಯೂರೋದ 2013ರ ನಿಯಮ ವಿಧಿಸಿದೆ. ಫ್ಯಾನಿಲ್ಲದ ಒಲೆಗೆ ಶೇಕಡಾ 25. ಈ ಪ್ರಕಾರ 600 ಗ್ರಾಮಿನಿಂದ ಪಾತ್ರೆಗೆ ಸೇರುವುದು ಸುಮಾರು 800 ಕಿಲೋ ಕ್ಯಾಲೊರಿ. ಎಸರೆಲ್ಲ ಕುದಿದ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಅನ್ನ, ಬೇಳೆ ಬೇಯುವುದಕ್ಕೆ ಇಷ್ಟು ಧಾರಾಳ.

ಆದುದರಿಂದ ಒಲೆ ಕೊಳ್ಳುವುದಕ್ಕೆ ಮುಂಚೆ ಮೂರು ದಿವಸ ಮನೆಯಲ್ಲಿ ಗಡಿಯಾರ ನೋಡಿ, ಒಲೆ ಹೊತ್ತಿಸಿದಂದಿನಿಂದ ಕೊನೆಯ ಪಾತ್ರೆ ಇಳಿಯುವವರೆಗಿನ ಕಾಲವನ್ನು ಬರೆದಿಡಬೇಕು. ದಿನವೂ ಬಳಸುವ ಪಾತ್ರೆಯ ತಳದ ಅಗಲವನ್ನು ದಾರದಿಂದ ಅಳೆದು ದಾರವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಕು. ಗೂಡಿನ ಬಾಯಿ ಆ ದಾರದ ಅರ್ಧಕ್ಕಿಂತ ಹೆಚ್ಚಾಗಿರಬಾರದೆಂಬುದು ನನ್ನ ಅಭಿಪ್ರಾಯ. ಗೂಡು ಎಷ್ಟು ಹಿಡಿಯುತ್ತದೆಂಬುದನ್ನು ವ್ಯಾಪಾರಿಯ ಬಾಯಿಂದ ಕೇಳುವುದಕ್ಕಿಂತ ಲೀಟರು ಅಳತೆಯಲ್ಲಿ ರಾಗಿ ಸುರಿದು ನೋಡುವುದು ಮೇಲು. ರಾಗಿ ಸೋರುವ ತೂತುಗಳಿದ್ದರೆ ಕಾಗದ ಹಾಸಬಹುದು. ಒಂದು ಲೀಟರು ಜಾಗದಲ್ಲಿ ಸುಮಾರು 600 ಗ್ರಾಂ ಗುಳಿಗೆ ಹಿಡಿಯುತ್ತದೆ. ಮೂರು ನಾಲ್ಕು ಜನರ ಮನೆಗೆ ಒಂದು ಲೀಟರಿನ ಗೂಡು ಸಾಕು. ಗಂಡಹೆಂಡಿರಿಬ್ಬರೇ ಇರುವ ಮನೆಯವರು ಇದೇ ಒಲೆಯನ್ನು ಮುಕ್ಕಾಲು ತುಂಬಿ ಉರಿಸಬಹುದು. ಆಗಾಗ ನೆಂಟರಿಷ್ಟರು ಬರುವ ಮನೆಯವರು ಅಗಲವನ್ನು ಹೆಚ್ಚಿಸದೆ ಆಳವನ್ನು ಹೆಚ್ಚಿಸಿಕೊಳ್ಳಲಿ. ಆಳದ ಗೂಡನ್ನು ಕಡಮೆ ತುಂಬಬಹುದು. ಅಗಲದ ಗೂಡನ್ನು ಕಿರಿದು ಮಾಡುವ ಉಪಾಯವಿಲ್ಲ.

ಅಳತೆಯ ಜೊತೆಗೆ ನಮ್ಮ ಊಟದ ಕ್ರಮವನ್ನೂ ನೋಡಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಜಿಲ್ಲೆ ಒಂದಾದರೂ ಅಡಿಗೆಮನೆ ಒಂದಾಗಿಲ್ಲ. ಅನ್ನ ಸಾರಿನ ಮನೆಗೆ ಎತ್ತರದ ಸಣ್ಣ ಒಲೆ ಯಾವ ತೊಂದರೆಯನ್ನೂ ಕೊಡದು. ಮುದ್ದೆಯ ಮನೆಯ ಮಾತೇ ಬೇರೆ. ಜಗಳೂರು ಕಡೆಯ ಅಜ್ಜಿಯೊಬ್ಬರು ಮಗ ತಂದ ಒಲೆಯನ್ನು ನನಗೆ ತೋರಿಸಿ, “ಇದರ ಮೇಲೆ ಮುದ್ದೆ ತಿರುವಿದರೆ ಒಲೇನೇ ತಿರುಗಿ ಬೀಳ್ತದೆ ಸಾಹೇಬ್ರೆ” ಎಂದರು. ಕೋಲನ್ನೂರಿ ಬಲವಾಗಿ ತಿರುವುವಾಗ ಒಲೆ ಅಲುಗಿದರೆ ಕುದಿಯುವ ಹಿಟ್ಟು ಮೈಮೇಲೆ ಬೀಳುವ ಅಪಾಯವುಂಟು. ಕುಳ್ಳಗಿನ, ಪಾದ ಅಗಲವಾಗಿರುವ ಒಲೆಯನ್ನೇ ಆರಿಸಿ, ಗಾಳಿಯ ಕಂಡಿಗಳು ಮುಚ್ಚದಂತೆ ಸುತ್ತಲೂ ಮಣ್ಣಿನ ಕಟ್ಟೆ ಕಟ್ಟಬೇಕು. ಅಷ್ಟಾಗದಿದ್ದರೆ ಎಸರು ಕುದಿದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ ತಿರುವುವುದು ಕ್ಷೇಮ. ರೊಟ್ಟಿಗಂತೂ 4 ಅಂಗುಲದ ಉರಿ ಒಪ್ಪುವುದಿಲ್ಲ. ಹಂಚಿನ ನಡುವೆ ಸೀದು ಅಂಚು ಹಸಿಯಾಗಿ ಉಳಿಯುತ್ತದೆ. ರೊಟ್ಟಿಗೋಸ್ಕರ ದೊಡ್ಡ ಗುಳಿಗೆ ಒಲೆ ಕೊಳ್ಳುವುದಕ್ಕಿಂತ, ರೊಟ್ಟಿಯ ಮಟ್ಟಿಗೆ ಹಳೆಯ ಒಲೆಯನ್ನೇ ಇಟ್ಟುಕೊಳ್ಳುವುದು ಲಾಭ.

ಇನ್ನು ಉರುವಲಿನ ವಿಚಾರ. ಚನ್ನಗಿರಿಯಲ್ಲಿ ಅಡಿಕೆ ಸಿಪ್ಪೆ ರಾಶಿರಾಶಿಯಾಗಿ ಬೀಳುತ್ತದೆ. ಅದನ್ನು ಹಾಗೆಯೇ ಗುಳಿಗೆ ಒಲೆಗೆ ತುರುಕಿದರೆ ನಾರು ಹೆಣೆದುಕೊಂಡು ಗಾಳಿ ಕಟ್ಟಿ ಹೊಗೆ ತುಂಬುತ್ತದೆ. ಸ್ವಂತ ತೋಟದ ಸಿಪ್ಪೆಯುಳ್ಳವರು ಗುಳಿಗೆಗೆ ಹಣ ತೆರುವುದೇಕೆ? 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಪ್ರಾರಂಭವಾದ ‘ಅಸ್ತ್ರ’ ವಿಭಾಗದವರು ರೂಪಿಸಿದ ಹೊಗೆಕೊಳವೆಯ ಮಣ್ಣೊಲೆಯ ರೀತಿಯಲ್ಲಿ ಒಂದನ್ನು ಕಟ್ಟಿಸಿದರೆ ಸಾಕು. ಮೂಲದ ಅಸ್ತ್ರ ಒಲೆಗೆ ಮೂರು ಪಾತ್ರೆಗಳು. ಸಣ್ಣ ಸಂಸಾರಕ್ಕೆ ಮೂರನೆಯ ಕಣ್ಣು ಬಹಳ ಹೊತ್ತು ಬರಿದಾಗಿರುವುದರಿಂದ ಎರಡು ಕಣ್ಣಿನದೇ ಸರಿ.

ಹೊನ್ನಾಳಿ, ನ್ಯಾಮತಿಗಳ ಗದ್ದೆ ಬಯಲಿನವರು ಭತ್ತದ ಹೊಟ್ಟಿನ ಗುಳಿಗೆಯನ್ನು ಎಚ್ಚರಿಕೆಯಿಂದ ಕೊಳ್ಳಬೇಕು. ಹೊಟ್ಟಿನಲ್ಲಿ ಶೇಕಡಾ 15ರಿಂದ 20ರವರೆಗೆ ಬೂದಿಯಿರುತ್ತದೆ. ಸಣ್ಣ ಗೂಡಿನ ತಳದ ತೂತುಗಳು ಅದರಿಂದಲೂ ಕಿಟ್ಟದಿಂದಲೂ ಬೇಗನೆ ಮುಚ್ಚಿಹೋಗುತ್ತವೆ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡನ್ನು ಹೆಬ್ಬೆರಳ ಗಾತ್ರಕ್ಕೆ ಮುರಿದು ಚೆನ್ನಾಗಿ ಒಣಗಿಸಿ ಹಾಕಬಹುದು. ಆದರೆ ಅದು ಬಹಳ ಹಗುರ. ಒಂದು ಲೀಟರು ಗೂಡಿನಲ್ಲಿ ಗುಳಿಗೆಯ ಮೂರನೆಯ ಒಂದು ಪಾಲಿನಷ್ಟು ತೂಕವೂ ಹಿಡಿಯುವುದು ಕಷ್ಟವಾದುದರಿಂದ ಕಾಲುಗಂಟೆಯಲ್ಲಿ ತೀರುತ್ತದೆ. ಬೆಂಡನ್ನು ಉರಿಸುವ ಉದ್ದೇಶವಿದ್ದವರು ಆಳದ ಒಲೆಯನ್ನು ತೆಗೆದುಕೊಳ್ಳಲಿ. ಜಗಳೂರು ಕಡೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಬಳ್ಳಾರಿ ಜಾಲಿಗಳನ್ನು ಬೆರಳುದ್ದ ಕಡಿದು ಹಾಕಿದರೆ ಒಲೆ ಒಪ್ಪುತ್ತದೆ. ಕಡಿಯುವ ಶ್ರಮಕ್ಕೆ ಮನೆಯಲ್ಲಿ ಆಳುಂಟೇ ಎಂಬುದನ್ನು ಮಾತ್ರ ಮೊದಲೇ ಯೋಚಿಸಬೇಕು.

ಗ್ಯಾಸಿನ ಒಲೆಯಿದ್ದ ಮನೆಯವರು ಗುಳಿಗೆಯಿಂದ ಲಾಭವೇ ನಷ್ಟವೇ ಎಂದು ಕೇಳುತ್ತಾರೆ. 14.2 ಕಿಲೋಗ್ರಾಂ ಸಿಲಿಂಡರು ಮಾಡುವ ಅಡಿಗೆಯನ್ನು ಮೇಲೆ ಹೇಳಿದ ಒಲೆಯಲ್ಲಿ ಮಾಡಲು ಸುಮಾರು 70 ಕಿಲೋಗ್ರಾಂ ಗುಳಿಗೆ ಬೇಕು. ನಿಮ್ಮೂರಿಗೆ ತಲುಪಿದ ಗುಳಿಗೆಯ ದರವನ್ನು 70ರಿಂದ ಗುಣಿಸಿ, ಕೈಯಿಂದ ತೆರುವ ಸಿಲಿಂಡರಿನ ಬೆಲೆಯೊಡನೆ ಹೋಲಿಸಿ ನೋಡಿರಿ. ಬಂದ ಮೊತ್ತ ಹೆಚ್ಚಾಗಿದ್ದರೆ ಒಲೆ ಎಷ್ಟು ಅಂದವಾಗಿದ್ದರೂ ಕೊಳ್ಳತಕ್ಕದ್ದಲ್ಲ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಶೇಕಡಾ 5ರಷ್ಟು ಜೈವಿಕ ಉರುವಲನ್ನು ಬೆರೆಸಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ಗೊತ್ತುಮಾಡಿತು. ಅಂಥ ದೊಡ್ಡ ಗಿರಾಕಿಗಳಿರುವ ಪದಾರ್ಥದ ದರ ಒಂದೇ ಸಮನಾಗಿ ನಿಲ್ಲುವುದೆಂದು ನಂಬುವಂತಿಲ್ಲ. ಒಲೆಗೆ ಹಣ ಕೊಡುವ ಮುನ್ನ ಗುಳಿಗೆ ಎಲ್ಲಿ, ಯಾರಲ್ಲಿ, ಮಳೆಗಾಲದಲ್ಲಿಯೂ ದೊರೆಯುವುದೇ ಎಂಬುದನ್ನು ವಿಚಾರಿಸಿಕೊಳ್ಳಿರಿ.

ಉರಿ ನಿಂತ ಮೇಲೆ ಗೂಡಿನ ತಳದಲ್ಲಿ ಕೆಂಡ ಉಳಿಯುತ್ತದೆ. ಹೊಗೆಯಿಲ್ಲವೆಂದು ಒಲೆಯನ್ನು ಮಲಗುವ ಕೋಣೆಗೆ ಒಯ್ಯುವುದು ಪ್ರಾಣಾಪಾಯಕರ. ಕೆಂಡದ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿಗಾಲದಲ್ಲಿ ಬಾಣಂತಿ, ಮಕ್ಕಳಿರುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಗುಳಿಗೆಗೆ ನೀರು ತಗುಲಿದರೆ ಉಬ್ಬಿ ಪುಡಿಯಾಗುತ್ತದೆ. ಪುಡಿಯು ಗಾಳಿಯನ್ನು ತಡೆಯುವುದರಿಂದ ಒಲೆ ಹೊಗೆಯುತ್ತದೆ. ಚನ್ನಗಿರಿ, ನ್ಯಾಮತಿಗಳ ಮಳೆಗಾಲದ ತೇವದಲ್ಲಿ ಗೋಣಿಚೀಲವನ್ನು ನೆಲದ ಮೇಲಿಡದೆ, ಮುಚ್ಚಳ ಬಿಗಿಯಾಗಿರುವ ಡ್ರಮ್ಮಿನಲ್ಲಿ ಸುರಿದಿಡಬೇಕು. ಸಣ್ಣ ಸಂಸಾರದವರು ಒಂದು ಸಲಕ್ಕೆ ಎರಡು ಚೀಲಕ್ಕಿಂತ ಹೆಚ್ಚು ತರಿಸುವ ಅವಶ್ಯಕತೆಯಿಲ್ಲ.