ಮನೆಯ ವಿದ್ಯುಚ್ಛಕ್ತಿ: ಋತುವಿಗೆ ತಕ್ಕ ವೆಚ್ಚವೂ ಅದರ ಹತೋಟಿಯೂ

ವ್ಯವಸಾಯ ವಿಷಯಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಮನೆಯ ದೀಪದ ಲೆಕ್ಕವನ್ನು ಎತ್ತುವುದು ಅಪ್ರಸ್ತುತವೆಂದು ಕೆಲವು ವಾಚಕ ಮಹಾಶಯರಿಗೆ ತೋರಬಹುದು. ಆದರೆ 2025ನೆಯ ಬೇಸಗೆಯಲ್ಲಿ ಮಂಡ್ಯದ ಕಡೆಯ ಒಂದು ಗ್ರಾಮಕ್ಕೆ ಕಬ್ಬಿನ ಬಿತ್ತನೆಯ ವಿಚಾರವಾಗಿ ಮಾತನಾಡಲು ನಾನು ಹೋಗಿದ್ದಾಗ, ಸಭೆಯಲ್ಲಿದ್ದ ವೃದ್ಧ ಯಜಮಾನರೊಬ್ಬರು ಕಬ್ಬಿನ ಮಾತನ್ನು ಬದಿಗಿಟ್ಟು, ಅಂಗಿಯ ಜೇಬಿನಿಂದ ಒಂದು ಚೀಟಿಯನ್ನು ತೆಗೆದು ನನ್ನ ಮುಂದೆ ಹಿಡಿದರು. "ಸ್ವಾಮಿ, ಶಿವರಾತ್ರಿಯವರೆಗೆ ಸೊನ್ನೆ ಬರುತ್ತಿದ್ದ ಬಿಲ್ಲು ಯುಗಾದಿ ಕಳೆದ ಮೇಲೆ ಸಾವಿರ ದಾಟಿ ಬಂದಿದೆ. ಕೆಟ್ಟಿರುವುದು ಮೀಟರೋ, ಅದನ್ನು ನೋಡಿ ಬರೆದವನೋ?" ಎಂದು ಕೇಳಿದರು. ನೋಡಲಾಗಿ ಎರಡೂ ಕೆಟ್ಟಿರಲಿಲ್ಲ. ಆ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ 205 ಯೂನಿಟ್ಟು ಖರ್ಚಾಗಿತ್ತು. ಕೆಟ್ಟದ್ದೆಲ್ಲವೂ ಆ ಕಡೆಯ ಐದು ಯೂನಿಟ್ಟುಗಳಿಂದ.

ಇದು ಹೇಗೆಂಬುದನ್ನು ವಿವರಿಸುವುದಕ್ಕೆ ಮೊದಲು, ವಿದ್ಯುಚ್ಛಕ್ತಿಗೂ ಋತುವಿಗೂ ಇರುವ ಸಂಬಂಧವನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ ಶಕ್ತಿಯನ್ನು ಒಯ್ದಂದಿನಿಂದ ನಮ್ಮ ನಾಡಿನ ವಿದ್ಯುತ್ತು ಮಳೆಯನ್ನು ನಂಬಿಕೊಂಡೇ ಬೆಳೆಯಿತು. ಇಂದು ರಾಯಚೂರಿನ ಕಲ್ಲಿದ್ದಲು, ಕೈಗಾದ ಪರಮಾಣು, ಪಾವಗಡದ ಬಿಸಿಲು ಇವೆಲ್ಲವೂ ಸೇರಿಕೊಂಡಿದ್ದರೂ ಶರಾವತಿಯ ನೀರಿನ ಶಕ್ತಿಯೇ ಅಗ್ಗವಾದದ್ದು. ಬೇಕೆಂದಾಗ ತಿರುಗಿಸಿ ಬೇಡವೆಂದಾಗ ನಿಲ್ಲಿಸಬಹುದಾದದ್ದೂ ಅದೇ. ಲಿಂಗನಮಕ್ಕಿ ತುಂಬುವುದು ಮುಂಗಾರಿನಲ್ಲಿ. ಚಿತ್ರದುರ್ಗ, ಗದಗಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುವುದೂ ಆ ಕಾಲದಲ್ಲಿಯೇ. ಆಗ ಹೊಲಕ್ಕೆ ಪಂಪು ಬೇಡ, ಮನೆಗೆ ಪಂಖ ಬೇಡ. ಫೆಬ್ರವರಿಯಿಂದ ಮೇ ತಿಂಗಳವರೆಗಾದರೋ ಜಲಾಶಯ ಇಳಿಯುತ್ತಿರುತ್ತದೆ, ಬೇಡಿಕೆ ಏರುತ್ತಿರುತ್ತದೆ. 2025ರ ಮಾರ್ಚಿಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವಾಟನ್ನು ದಾಟಿತು. 2023ರಲ್ಲಿ ಮುಂಗಾರು ಕೈಕೊಟ್ಟು, ಅಕ್ಟೋಬರಿನಲ್ಲಿಯೇ ರೈತರು ಪೈರಿಗೆ ಪಂಪು ಹಾಕಬೇಕಾಗಿ ಬಂದಾಗ ಉಂಟಾದ ಕೊರತೆಯನ್ನು ವಾಚಕರು ಮರೆತಿರಲಾರರು; ಆಗ ಉತ್ತರ ಪ್ರದೇಶ, ಪಂಜಾಬುಗಳಿಂದ, ಕಡಬೀಜದಂತೆ, ಬೇಸಗೆಯಲ್ಲಿ ಪಡೆದು ಮಳೆಗಾಲದಲ್ಲಿ ಹಿಂದಿರುಗಿಸುವ ಕರಾರಿನ ಮೇಲೆ ವಿದ್ಯುತ್ತನ್ನು ತರಿಸಬೇಕಾಯಿತು.

ಹೀಗಿದ್ದರೂ ಮನೆಬಳಕೆಯ ಯೂನಿಟ್ಟಿನ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಋತುವಿಗೊಂದರಂತೆ ಗೊತ್ತುಮಾಡುವುದಿಲ್ಲ. ವರ್ಷಕ್ಕೆ ಒಂದೇ ದರ. 2025ರ ಏಪ್ರಿಲ್‌ನಿಂದ 2026ರ ಮಾರ್ಚಿಯವರೆಗಿನ ವರ್ಷಕ್ಕೆ ಅದು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಆಗಿತ್ತು. ಹಿಂದಿನ ವರ್ಷದ 5 ರೂಪಾಯಿ 90 ಪೈಸೆಗಿಂತ ಇದು ಕಡಿಮೆಯೆಂದು ಸಂತೋಷಪಟ್ಟವರು, ಮಂಜೂರಾದ ಪ್ರತಿ ಕಿಲೋವಾಟಿಗೆ ತಿಂಗಳಿಗೆ 120 ರೂಪಾಯಿ ಇದ್ದ ಸ್ಥಿರ ಶುಲ್ಕ 145ಕ್ಕೆ ಏರಿದ್ದನ್ನೂ, ನೌಕರರ ಪಿಂಚಣಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ ಹೊಸದಾಗಿ ಸೇರಿದ್ದನ್ನೂ ಬಿಲ್ಲು ಕೈಗೆ ಬಂದ ಮೇಲೆ ಕಂಡರು. ಋತುವಿನ ಏರಿಳಿತ ಬರುವುದು ಬೇರೊಂದು ಬಾಗಿಲಿನಿಂದ. ಬಿಲ್ಲಿನಲ್ಲಿ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬುದೊಂದು ಕಲಮು ಉಂಟು. ಕಂಪೆನಿಯವರು ಅಂದಾಜಿಗಿಂತ ಹೆಚ್ಚು ಬೆಲೆ ಕೊಟ್ಟು ಕೊಂಡಿದ್ದರೆ ಆ ವ್ಯತ್ಯಾಸ ಅಲ್ಲಿ ಕೂಡುತ್ತದೆ. ಕಡಿಮೆಗೆ ಕೊಂಡಿದ್ದರೆ ಕಳೆಯುವುದೂ ಉಂಟು. ಅದೂ ಕೂಡಲೇ ಅಲ್ಲ, ಒಂದೆರಡು ತಿಂಗಳು ತಡೆದು. ಆದಕಾರಣ ಬೇಸಗೆಯ ಖರೀದಿಯ ಬಾಲವು ಆರಿದ್ರಾ ಮಳೆಯ ಕಾಲದ ಬಿಲ್ಲಿನಲ್ಲಿ ಕಾಣಿಸಿಕೊಂಡರೆ, ಪಂಖವನ್ನೇ ಹಾಕದ ತಿಂಗಳಲ್ಲಿ ಇದೆಲ್ಲಿಂದ ಬಂತೆಂದು ಮೀಟರು ನೋಡುವವನೊಡನೆ ಜಗಳಕ್ಕೆ ನಿಲ್ಲಬೇಕಾಗಿಲ್ಲ.

ಈಗ ಯಜಮಾನರ ಚೀಟಿಗೆ ಬರೋಣ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿಯೊಂದು ಮನೆಗೂ 200 ಯೂನಿಟ್ಟು ಉಚಿತವೆಂದು ಅನೇಕರು ತಿಳಿದಿದ್ದಾರೆ. ವಾಸ್ತವಾಂಶ ಹಾಗಿಲ್ಲ. 2022-23ನೆಯ ಸಾಲಿನ ಮಾಸಿಕ ಸರಾಸರಿಗೆ, ನಿಯಮದಲ್ಲಿ ಗೊತ್ತುಮಾಡಿದ ಸ್ವಲ್ಪ ಹೆಚ್ಚುವರಿಯನ್ನು ಸೇರಿಸಿದಾಗ ಬರುವುದು ಆಯಾ ಮನೆಯ ಹಕ್ಕು. ಅದರ ಮೇಲೆ ಖರ್ಚಾಗಿ 200ರ ಒಳಗೆ ಉಳಿದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲನ್ನು ತೆರಬೇಕು.

ಯಜಮಾನರ ಮನೆಯ ಹಕ್ಕು 140. ಏಪ್ರಿಲಿನಲ್ಲಿ ಅವರು 195ಕ್ಕೆ ನಿಂತಿದ್ದರೆ ಹೆಚ್ಚಾದ 55 ಯೂನಿಟ್ಟಿನ ಶಕ್ತಿಯ ಬೆಲೆ 319 ರೂಪಾಯಿ. 205ಕ್ಕೆ ಹೋದ ಕಾರಣ ಶಕ್ತಿಯ ಬೆಲೆಯೇ 1,189 ರೂಪಾಯಿ. ಜೊತೆಗೆ ಮೂರು ಕಿಲೋವಾಟಿನ ಸ್ಥಿರ ಶುಲ್ಕ 435. ಮೇಲೆ ಪಿಂಚಣಿಯ ಬಾಬ್ತು, ನೂರಕ್ಕೆ 9ರ ತೆರಿಗೆ. ಬರಿಯ ಹತ್ತು ಯೂನಿಟ್ಟಿನ ಅಜಾಗರೂಕತೆಗೆ ಇಷ್ಟು ದಂಡವನ್ನು ಯಾವ ಸಾಹುಕಾರನೂ ಹಾಕಲಾರನು. ವರ್ಷದ ಸರಾಸರಿಯಿಂದ ಹಕ್ಕನ್ನು ಕಟ್ಟಿ, ತಿಂಗಳ ಖರ್ಚಿನಿಂದ ಅದನ್ನು ಅಳೆಯುವ ಈ ಕ್ರಮದಲ್ಲಿ ಬೇಸಗೆಯ ಮನೆಗೆ ಸ್ವಲ್ಪ ಅನ್ಯಾಯವುಂಟೆಂದು ನನ್ನ ಸ್ವಂತ ಅಭಿಪ್ರಾಯ. ಅದು ಹೇಗಾದರೂ ಇರಲಿ, ನಿಯಮವಿರುವಂತೆ ನಡೆದುಕೊಳ್ಳುವುದು ನಮ್ಮ ಪಾಲಿನ ಕೆಲಸ.

ಆ ಹೆಚ್ಚಿನ ಯೂನಿಟ್ಟು ಹೋದದ್ದೆಲ್ಲಿಗೆ? ರಜೆಗೆ ಮಕ್ಕಳು ಮೊಮ್ಮಕ್ಕಳು ಬಂದಿದ್ದರು. ನಾಲ್ಕು ಕೋಣೆಗಳಲ್ಲಿ ಹಳೆಯ ಪಂಖಗಳು ತಿರುಗುತ್ತಿದ್ದವು. ಒಂದೊಂದೂ 75 ವಾಟಿನದು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 22½ ಯೂನಿಟ್ಟು, ನಾಲ್ಕಕ್ಕೆ 90. ಈಗ ಅಂಗಡಿಗಳಲ್ಲಿ ದೊರೆಯುವ, ಬಿ.ಎಲ್.ಡಿ.ಸಿ. ಎಂದು ಕರೆಯಲ್ಪಡುವ ಹೊಸ ಬಗೆಯ ಪಂಖ ಸುಮಾರು 30 ವಾಟಿನಲ್ಲಿ ಅದೇ ಗಾಳಿಯನ್ನು ಕೊಡುತ್ತದೆ. ನಾಲ್ಕಕ್ಕೂ 36 ಯೂನಿಟ್ಟು ಸಾಕು. ಬೆಲೆ ಹೆಚ್ಚೆಂಬುದು ನಿಜ, ಆದರೆ ನಾಲ್ಕನ್ನೂ ಒಮ್ಮೆಗೇ ಬದಲಾಯಿಸಬೇಕಾಗಿಲ್ಲ. ರಾತ್ರಿಯೆಲ್ಲ ತಿರುಗುವ ಎರಡನ್ನು ಬದಲಾಯಿಸಿದರೂ ಯಜಮಾನರು ಗೆರೆಯ ಈಚೆಗೇ ಉಳಿಯುತ್ತಿದ್ದರು. ತೊಟ್ಟಿಗೆ ನೀರೇರಿಸುವ ಒಂದು ಅಶ್ವಶಕ್ತಿಯ ಪಂಪು ಗಂಟೆಗೆ ಹೆಚ್ಚುಕಡಮೆ ಒಂದು ಯೂನಿಟ್ಟನ್ನು ನುಂಗುತ್ತದೆ. ತೊಟ್ಟಿ ತುಂಬಿ ಹರಿಯುತ್ತಿದ್ದರೂ ಅದನ್ನು ನಿಲ್ಲಿಸುವವರಿಲ್ಲದ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ವೈಶಾಖದ ಮದುವೆಯ ಚಪ್ಪರಕ್ಕೆ ಮನೆಯ ಮೀಟರಿನಿಂದಲೇ ದೀಪಮಾಲೆ ಎಳೆಯುವ ಪದ್ಧತಿಯೂ ಒಂದು. ಅದಕ್ಕೆ ತಾತ್ಕಾಲಿಕ ಸಂಪರ್ಕವನ್ನು ಪಡೆಯತಕ್ಕದ್ದು.

ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ 2002ರಿಂದ ಬಹುಭಾಗದ ಗೃಹಸ್ಥರು ತಮಗೆ ಬೇಕಾದ ಮಾರಾಟಗಾರನನ್ನು, ಬೇಕಾದ ಕರಾರನ್ನು ಆರಿಸಿಕೊಳ್ಳಬಹುದಾಗಿದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಅಲ್ಲಿಯ ಸಗಟು ಬೆಲೆ ಯೂನಿಟ್ಟಿಗೆ 9 ಡಾಲರಿಗೆ ಏರಿ, ಸಗಟು ಬೆಲೆಗೇ ಒಪ್ಪಿದ್ದವರಿಗೆ ಸಾವಿರಾರು ಡಾಲರಿನ ಬಿಲ್ಲು ಬಂದಿತು. ಸ್ಥಿರ ಬೆಲೆಯ ಕರಾರಿನವರು ಪಾರಾದರು. ನಮ್ಮಲ್ಲಿ ಆ ಬಗೆಯ ಆಯ್ಕೆಯಿಲ್ಲ. ಆದರೂ ಆಯ್ಕೆಯೇ ಇಲ್ಲವೆನ್ನಲಾಗದು.

ಮೊದಲನೆಯದು ಮಂಜೂರಾದ ಕಿಲೋವಾಟು. ಹಿಂದೆಂದೋ ಹೆಚ್ಚಾಗಿ ಬರೆಸಿದ ಅರ್ಜಿಯ ಫಲವಾಗಿ ಮೂರು ಕಿಲೋವಾಟಿರುವ ಮನೆಗೆ ಎರಡೇ ಸಾಕಾಗುವುದಾದರೆ, ಪೂರ್ತಿ ಬಿಲ್ಲು ತೆರುವ ಪ್ರತಿಯೊಂದು ತಿಂಗಳೂ ಮೇಲಿನ ದರದಲ್ಲಿ 145 ರೂಪಾಯಿ ವ್ಯರ್ಥ. ಕಡಿಮೆ ಮಾಡಿಸಲು ಉಪವಿಭಾಗದ ಕಚೇರಿಗೆ ಅರ್ಜಿ ಕೊಡಬಹುದು; ಆದರೆ ಗೀಸರೂ ಪಂಪೂ ಒಟ್ಟಿಗೆ ನಡೆಯುವ ಮನೆಯವರು ಆತುರಪಡಬಾರದು.

ಎರಡನೆಯದು ಛಾವಣಿಯ ಮೇಲಿನ ಸೌರ ಫಲಕ. 2024ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಸಹಾಯಧನವು ಎರಡು ಕಿಲೋವಾಟಿನವರೆಗೆ ಕಿಲೋವಾಟಿಗೆ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಮೀರದಂತೆ ಗೊತ್ತಾಯಿತು. ಒಂದು ಕಿಲೋವಾಟು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಕೊಡುತ್ತದೆ. ಮಲೆನಾಡಿನ ಆಷಾಢ ಶ್ರಾವಣಗಳಲ್ಲಿ ಬಹಳ ಇಳಿಯುತ್ತದೆ. ಮನೆಯ ಬೇಡಿಕೆ ಹೆಚ್ಚುವ ಬೇಸಗೆಯಲ್ಲಿಯೇ ಇದರ ಫಸಲೂ ಹೆಚ್ಚು ಎಂಬುದು ಗಮನಾರ್ಹ. ವರ್ಷವಿಡೀ 200 ದಾಟುವ ದೊಡ್ಡ ಮನೆಗಳಿಗೆ ಇದು ತಕ್ಕದ್ದು. ಹಕ್ಕಿನೊಳಗೇ ಉಳಿಯುವ ಮನೆಯವರು, ಬೇಸಗೆಯ ಎರಡು ತಿಂಗಳ ಸಲುವಾಗಿ ಸಾಲಮಾಡಿ ಫಲಕ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ.

ಗ್ರಾಮದ ಮುಖಂಡರಲ್ಲಿ ಒಂದು ಬಿನ್ನಹ. ಪ್ರತಿವರ್ಷ ಏಪ್ರಿಲಿನಲ್ಲಿ ದರ ಬದಲಾಗಬಹುದಾದುದರಿಂದ ಹೊಸ ದರವನ್ನು ಪಂಚಾಯಿತಿಯ ಹಲಗೆಯ ಮೇಲೆ ಬರೆಯಿಸಿ ಹಾಕಿಸಬೇಕು. ಮನೆಯವರು ಫೆಬ್ರವರಿಯಿಂದ ಮೇ ತಿಂಗಳವರೆಗೆ, ಮೀಟರು ನೋಡುವವನು ಬಂದುಹೋದ ಹದಿನೈದನೆಯ ದಿನ ಮೀಟರಿನ ಅಂಕಿಯನ್ನು ತಾವೇ ಗೋಡೆಯ ಪಂಚಾಂಗದ ಮೇಲೆ ಗುರುತಿಸಲಿ. ಅಂದಿಗೆ 100 ದಾಟಿದ್ದರೆ ಉಳಿದ ಹದಿನೈದು ದಿನ ಪಂಪನ್ನೂ ಪಂಖವನ್ನೂ ನೋಡಿಕೊಳ್ಳಲು ಇನ್ನೂ ಸಮಯವಿರುತ್ತದೆ. ಅಂಕಿಯಲ್ಲಿ ನಿಜವಾದ ಸಂಶಯ ಬಂದರೆ 1912 ಎಂಬ ದೂರವಾಣಿ ಸಂಖ್ಯೆಗೆ ತಿಳಿಸಿ, ದೂರಿನ ಸಂಖ್ಯೆಯನ್ನು ಆ ಪಂಚಾಂಗದಲ್ಲಿಯೇ ಬರೆದಿಟ್ಟುಕೊಳ್ಳತಕ್ಕದ್ದು.